ತಂತಿ ಕಟ್ಟಿದ ಮೆಟ್ಟು

ಪರದೆಯ ಮೇಲಿನ ರೈತ ಜರ್ಮನ್ ಸಿಪಾಯಿಗಳಿಗೆ ಕೊಟ್ಟಿಗೆಯತ್ತ ಬೆರಳು ತೋರಿಸಿದಾಗ ಸಿನಿಮಾ ನೋಡುತ್ತಿದ್ದ ಊರವರೆಲ್ಲ ಒಟ್ಟಿಗೆ "ಥೂ, ದ್ರೋಹಿ!" ಎಂದರು. ಹಿಸ್ಕೆ ಮಾತ್ರ ಆ ರೈತನ ಕಾಲನ್ನೇ ನೋಡುತ್ತಿದ್ದಳು. ಹಳದಿ ಬಣ್ಣದ ಮರದ ಮೆಟ್ಟು. ಸೀಳು ಬಿಟ್ಟ ಎಡಗಾಲಿನದಕ್ಕೆ ತಂತಿ ಬಿಗಿದಿತ್ತು. ಆ ತಂತಿ ಬಿಗಿದವನು ಅವಳ ಗಂಡ ದೌವೆ.

ಯುದ್ಧದ ಕಾಲದಲ್ಲಿ ವಿಮಾನ ಉರುಳಿ ಹೊಲಕ್ಕೆ ಬಿದ್ದಿದ್ದ, ಜರ್ಮನರ ವೈರಿ ಪಡೆಯ ಪೈಲಟ್ ವೆಂಡೆಲ್‌ನನ್ನು ದೌವೆ ಕೊಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ. ತನ್ನ ಮೆಟ್ಟನ್ನೇ ಹಾಕಿಸಿ, ಊರವರಂತೆ ಹಿಮ್ಮಡಿ ಎಳೆದು ನಡೆಯಲು ಕಲಿಸಿದ್ದ. ವೆಂಡೆಲ್ ಪಾರಾದ. ದೌವೆಯನ್ನು ಜರ್ಮನರು ಬರಿಗಾಲಲ್ಲೇ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದರು.

ಈಗ ಸಿನಿಮಾದ ಅತಿಥಿಯಾಗಿ ಬಂದ ವೆಂಡೆಲ್ ಅವಳ ಪಕ್ಕದಲ್ಲೇ ಕೂತಿದ್ದ. "ಗುರುತು ಸಿಕ್ತಾ ಅಕ್ಕ? ದೌವೆಯವರದೇ ಅದು. ಇಷ್ಟು ವರ್ಷ ಜೋಪಾನ ಮಾಡಿದ್ದೆ. ಸಿನಿಮಾ ನಿಜ ಅನ್ನಿಸ್ಲಿ ಅಂತ ನಾನೇ ಕೊಟ್ಟೆ."

"ಅವನು ಯಾರನ್ನೂ ಹಿಡ್ಕೊಡ್ಲಿಲ್ವಲ್ಲಪ್ಪಾ."

"ಏನ್ಮಾಡೋದು ಅಕ್ಕ, ದ್ರೋಹಿ ಇಲ್ದೆ ಕಥೆ ನಡೆಯಲ್ಲ ಅಂದ್ರು ಸಿನಿಮಾದವರು. ನಾನೂ ಹೂಂ ಅಂದೆ."

ಹಿಸ್ಕೆ ಎದ್ದು ನಿಂತಳು. ಹಿಂದಿನ ಸಾಲಿನವರು "ಕೂತ್ಕೊಳಮ್ಮ, ಕಾಣಲ್ಲ" ಎಂದು ಗದರಿದರು.

"ಸುಳ್ಳೇನಲ್ಲ ಬಿಡು," ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಆ ಮೆಟ್ಟು ಹಾಕ್ಕೊಂಡ ದ್ರೋಹಿ ಒಬ್ಬ ನಮ್ಮ ಕೊಟ್ಟಿಗೇಲಿದ್ದ. ಅವನಿಗೆ ನಡೆಯೋದು ಕಲಿಸಿದ್ದೇ ನನ್ನ ಗಂಡ."