ಪ್ರಳಯಕ್ಕನ ಇಂಟರ್ವಲ್

"ಒಂದೊಂದೇ ಫ್ಲಶ್ ಒತ್ತಿ ನೋಡೋದು ಪರೀಕ್ಷೆನೇ ಅಲ್ಲ ಸರ್. ಎಲ್ಲಾ ಒಟ್ಟಿಗೆ ಒತ್ತಬೇಕು," ಎಂದು ಪ್ಲಂಬಿಂಗ್ ಮೇಸ್ತ್ರಿ ಹಟ ಹಿಡಿದು ನಿಂತಳು.

"ಎಲ್ಲಾ ಅಂದ್ರೆ?" ಹೊಸ ರಂಗಮಂದಿರದ ಮಹಡಿಗಳತ್ತ ಇಂಜಿನಿಯರ್ ಕತ್ತೆತ್ತಿ ನೋಡಿದ.

"ಎಲ್ಲಾ ಅಂದ್ರೆ ಎಲ್ಲಾ. ನಾಟಕದ ಇಂಟರ್ವಲ್ಲಲ್ಲಿ ಜನ ಒಬ್ಬರಾದ ಮೇಲೆ ಒಬ್ಬರು ಹೋಗ್ತಾರಾ? ಬೆಲ್ ಆಯ್ತು ಅಂದ್ರೆ ಕಟ್ಟೆ ಒಡೆದ ಹಾಗೆ ನುಗ್ತಾರೆ."

ಪಕ್ಕದಲ್ಲಿ ವೈರು ಎಳೆಯುತ್ತಿದ್ದ ಅವಳ ಅಣ್ಣ ಕಿಸಕ್ಕನೆ ನಕ್ಕ. "ಕೇಳಿಸ್ಕೊಂಡ್ರಾ ಸರ್? ಕಟ್ಟೆ ಒಡೆಯೋದು ಅಂತ ಅವಳ ಬಾಯಲ್ಲೇ ಬಂತು!"

ನಗಲಿಕ್ಕೆ ಅವನಿಗೆ ಹಕ್ಕಿತ್ತು ಅನ್ನಿ. ಹಿಂದೊಂದು ಸಭಾಭವನದಲ್ಲಿ ತಂಗಿ ಹೀಗೆಯೇ ಒಂದೊಂದೇ ಫ್ಲಶ್ ಒತ್ತಿ, ಎಲ್ಲ ಸರಿಯಿದೆ ಎಂದು ಕೈ ಒರೆಸಿಕೊಂಡಿದ್ದಳು. ಉದ್ಘಾಟನೆಯ ದಿನ ಮೊದಲ ವಿರಾಮದಲ್ಲೇ ಮೇಲಿನ ಮಹಡಿಗಳ ನೀರೆಲ್ಲ ಒಟ್ಟಿಗೆ ಇಳಿದು, ನೆಲಮಹಡಿಯ ಕಮೋಡುಗಳಲ್ಲಿ ಉಕ್ಕಿ, ಪಕ್ಕದಲ್ಲಿದ್ದ ಅಣ್ಣನ ಕರೆಂಟ್ ಪ್ಯಾನೆಲ್ ಕೋಣೆಗೆ ನುಗ್ಗಿ, ಇಡೀ ಭವನ ಕತ್ತಲಾಗಿತ್ತು. ಬಂದಿದ್ದ ಗಣ್ಯರು ಶೂಗಳನ್ನು ಕೈಯಲ್ಲಿ ಹಿಡಿದು ಹೊರಬಿದ್ದಿದ್ದರು. ಅವತ್ತು ಎಲ್ಲರೆದುರು ಅವಳಿಗೆ ಪ್ರಳಯಕ್ಕ ಎಂದು ಹೆಸರಿಟ್ಟವನು ಈ ಅಣ್ಣನೇ. ಒಡಹುಟ್ಟಿದವನು ಇಟ್ಟ ಹೆಸರಾದ್ದರಿಂದ ಕೆಲಸದವರಿಗೆಲ್ಲ ಧೈರ್ಯ ಬಂತು. ಅವಳು ಎಲ್ಲಿ ಕೆಲಸಕ್ಕೆ ಹೋದರೂ ಆ ಹೆಸರು ಅವಳಿಗಿಂತ ಮೊದಲೇ ಗೇಟಿನೊಳಗೆ ಕಾಲಿಡುತ್ತಿತ್ತು.

ಇಲ್ಲೂ ಅಣ್ಣನ ಪ್ಯಾನೆಲ್ ಕೋಣೆ ನೆಲಮಹಡಿಯ ಶೌಚಾಲಯಕ್ಕೆ ಅಂಟಿಕೊಂಡೇ ಇತ್ತು. ಈ ಸಲ ಅವಳು ನೆಲಮಹಡಿಯ ಪೈಪನ್ನು ಮೇಲಿನಿಂದ ಇಳಿಯುವ ದೊಡ್ಡ ಪೈಪಿಗೆ ಜೋಡಿಸದೆ, ಬೇರೆಯಾಗಿಯೇ ಅಂಗಳದ ಚರಂಡಿ ಗುಂಡಿಯವರೆಗೆ ಎಳೆದಿದ್ದಳು. ಅಣ್ಣ ನಂಬಲಿಲ್ಲ. "ಒಂದು ಹನಿ ನನ್ನ ಕೋಣೆಗೆ ಬರಲಿ, ಇನ್ನು ನೀನಿರೋ ಕಡೆ ನಾನು ಕೆಲಸ ಹಿಡಿಯಲ್ಲ," ಎಂದುಬಿಟ್ಟಿದ್ದ. ಸ್ವಂತ ಅಣ್ಣನೇ ಕೈಬಿಟ್ಟ ಮೇಲೆ ಬೇರೆ ಯಾರು ಕರೆದು ಕೆಲಸ ಕೊಟ್ಟಾರು?

"ಸರಿ, ಅಷ್ಟೂ ಕಡೆ ಒಂದೇ ಸಲ ಒತ್ತೋಕೆ ಯಾರು ಹೇಳಬೇಕು? ಕೂಗಿದ್ರೆ ಮೂರನೇ ಮಹಡಿಗೆ ಕೇಳುತ್ತಾ?" ಇಂಜಿನಿಯರ್ ಕೇಳಿದ.

"ಅಣ್ಣನ ಇಂಟರ್ವಲ್ ಬೆಲ್ ಇದೆಯಲ್ಲ."

"ನನ್ನ ಬೆಲ್ ನಿನ್ನ ಕಕ್ಕಸಿಗಾ?" ಅಣ್ಣ ಮುಖ ಗಂಟಿಕ್ಕಿದ.

"ಬೇಡ ಬಿಡು. ಮೇಲಿನವರೆಗೂ ಕೇಳಿಸುತ್ತೋ ಇಲ್ವೋ ಅಂತ ನಿನಗೇ ಅನುಮಾನ ಇದ್ದರೆ..."

"ಯಾರಿಗೆ ಅನುಮಾನ?" ಅಣ್ಣ ದಡಬಡ ಎದ್ದೇಬಿಟ್ಟ.

ಆಮೇಲಿನದು ನೋಡುವಂತಿತ್ತು. ಬಣ್ಣ ಬಳಿಯುವವರು, ಟೈಲ್ಸ್‌ನವರು, ಎ.ಸಿ. ಡಕ್ಟ್ ಕೂರಿಸುವವರು, ಕುರ್ಚಿ ಬಿಗಿಯುವವರು ಎಲ್ಲರೂ ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಹೋಗಿ ಒಂದೊಂದು ಕಮೋಡಿನ ಪಕ್ಕ ನಿಂತರು. ಮೂರನೇ ಮಹಡಿಯಲ್ಲಿ ಒಂದು ಜಾಗ ಉಳಿದಿತ್ತು. ಹೆಲ್ಮೆಟ್ ಸರಿಮಾಡಿಕೊಂಡು ಇಂಜಿನಿಯರೇ ಹತ್ತಿ ಹೋದ. ವಾಚ್‌ಮನ್ ಅಂಗಳದಲ್ಲಿ ಗುಂಡಿಯ ಮುಚ್ಚಳ ಸರಿಸಿ ಕುಕ್ಕರಗಾಲಲ್ಲಿ ಕುಳಿತ.

ಕೆಳಗೆ ಅಣ್ಣ ಬೆಲ್ಲಿನದೊಂದನ್ನು ಬಿಟ್ಟು ಉಳಿದ ಸ್ವಿಚ್ಚುಗಳನ್ನೆಲ್ಲ ಇಳಿಸಿದ. ಹೊಸ್ತಿಲಿಗೆ ಅಡ್ಡವಾಗಿ ಮರಳಿನ ಚೀಲಗಳನ್ನು ಪೇರಿಸಿದ. ಚಪ್ಪಲಿ ಕಳಚಿ ಎತ್ತರದ ಶೆಲ್ಫಿನ ಮೇಲಿಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡ. ತಂಗಿ ಎಲ್ಲವನ್ನೂ ನೋಡಿದಳು. ಅವಮಾನದಿಂದ ಕಿವಿ ಬಿಸಿಯಾಯಿತು. ಆದರೂ ಹೋಗಿ ನೆಲಮಹಡಿಯ ಕೊನೆಯ ಕಮೋಡಿನ ಮೇಲೆ ಕಣ್ಣಿಟ್ಟು ನಿಂತಳು.

"ಹೊಡೀಲಾ?" ಅಣ್ಣ ಕೂಗಿದ.

"ಹೊಡಿ!"

ಬೆಲ್ ಕಟ್ಟಡವೇ ನಡುಗುವಂತೆ ಮೊಳಗಿತು. ಅದರ ಬೆನ್ನಿಗೇ ಮೇಲಿನಿಂದ ಸದ್ದು ಹೊರಟಿತು. ಮೊದಲು ಗುಳುಗುಳು, ಆಮೇಲೆ ಗೋಡೆಯೊಳಗೆ ಲಾರಿಯೊಂದು ಇಳಿದುಬಂದ ಹಾಗೆ ಗಡಗಡ. ಅವಳೆದುರಿನ ಕಮೋಡಿನ ನೀರು ಅದುರಿತು. ಒಂದು ಬೆರಳಿನಷ್ಟು ಮೇಲೇರಿತು. "ಇಳಿ," ಎಂದು ಹಲ್ಲು ಕಚ್ಚಿ ಹೇಳಿದಳು, "ಇಳಿ, ನಿನ್ನ ದಮ್ಮಯ್ಯ!"

ನೀರು ಕ್ಷಣ ಹೊತ್ತು ಅಲ್ಲೇ ನಿಂತಿತು. ಆಮೇಲೆ ಗುಳುಕ್ ಎಂದು ಇಳಿದು ತನ್ನ ಜಾಗದಲ್ಲಿ ತೆಪ್ಪಗೆ ಕುಳಿತಿತು.

"ಬಂತು! ಮೇಸ್ತ್ರಿ, ಬಂತು!" ಅಂಗಳದಿಂದ ವಾಚ್‌ಮನ್ ಕಿರುಚಿದ. "ಸರಾಗವಾಗಿ ಹರೀತಿದೆ, ಬಂದು ನೋಡಿ!"

ಮಹಡಿ ಮಹಡಿಗಳಿಂದ ಕೇಕೆ ಎದ್ದಿತು. ಬಕೆಟ್‌ಗಳನ್ನು ಬಡಿದರು. ಯಾರೋ "ಪ್ರಳಯಕ್ಕಂಗೆ ಜೈ!" ಎಂದ. ಮಿಕ್ಕವರೆಲ್ಲ ದನಿಗೂಡಿಸಿದರು, ಅವರೊಳಗೆ ಇಂಜಿನಿಯರನ ಗಂಟಲೂ ಇತ್ತು. ಆ ಹೆಸರು ಕೇಳಿ ಅವಳು ಇದೇ ಮೊದಲ ಸಲ ಹೊಟ್ಟೆ ತುಂಬ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಈ ಸಲ ನೆಲಮಹಡಿಯಲ್ಲಿ ಉಕ್ಕಿದ ನೀರು ಅದೊಂದೇ.

ಅವಳು ಪ್ಯಾನೆಲ್ ಕೋಣೆಗೆ ಬಂದಾಗ ಅಣ್ಣ ಬೆಲ್ಲಿನ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ, ಚೀಲಗಳ ಆಚೆಗಿನ ನೆಲವನ್ನು ನೋಡುತ್ತ ನಿಂತಿದ್ದ. "ಟ್ಯಾಂಕ್ ತುಂಬಲಿ," ಎಂದ, "ಇನ್ನೊಂದ್ ಸಲ ಹೊಡೀತೀನಿ. ಊರಿಗೆಲ್ಲ ಕೇಳಲಿ."

"ಹೊಡಿಯುವಂತೆ. ಮೊದಲು ಇದನ್ನ ಇಳಿಸು ಅಣ್ಣ, ಚೆನ್ನಾಗಿಲ್ಲ," ಎಂದು ಅವಳು ಚೀಲಗಳನ್ನು ದಾಟಿ ಬಂದು, ಬಗ್ಗಿ, ಅವನ ಪ್ಯಾಂಟಿನ ಮಡಿಕೆ ಬಿಚ್ಚಿದಳು. ಮಡಿಕೆಯೊಳಗಿದ್ದ ಸಿಮೆಂಟಿನ ಧೂಳು ಅವನ ಬರಿಗಾಲುಗಳ ಮೇಲೆ ಒಣಒಣವಾಗಿ ಉದುರಿತು.