ಹತ್ತು ನಿಮಿಷದ ಕರೆಂಟು

ವೈರ್‌ಮನ್, ತಾನು ದುಡಿಯುವ ಎಲೆಕ್ಟ್ರಿಕ್ ಅಂಗಡಿಯ ಕೌಂಟರಿನ ಎದುರೇ ಕುರ್ಚಿ ಎಳೆದು ಕೂತ. ಕಾಲುಚೀಲ ಕಳಚಿ, ಪಾದದ ಗಿಣ್ಣಿನ ಹಿಂದೆ ಎರಡು ಅಂಟುಪಟ್ಟಿ ಒತ್ತಿ, ಅಂಗೈಯಗಲದ ಯಂತ್ರದ ಗುಂಡಿ ತಿರುಗಿಸಿದ. ಕಾಲಿನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಕುಣಿಯತೊಡಗಿತು.

"ಭಾವ, ಒಳಗೆ ಹೋಗಿ ಹಾಕ್ಕೊಳ್ಳಿ. ಗಿರಾಕಿಗಳು ಕೇಳಿದ್ರೆ ಏನು ಹೇಳ್ಲಿ?" ಅಂಗಡಿಯ ಯಜಮಾನ, ಅವನ ಹೆಂಡತಿಯ ತಮ್ಮ, ಹಲ್ಲು ಕಚ್ಚಿ ಪಿಸುಗುಟ್ಟಿದ. ಗಿರಾಕಿಯೊಬ್ಬರ ಮನೆಯಲ್ಲಿ ಏಣಿಯ ಮೇಲಿದ್ದಾಗಲೇ ಭಾವನ ಪ್ಯಾಂಟು ಹೊಲಸಾದ ದಿನದಿಂದ ಅವನನ್ನು ಯಾರ ಮನೆಗೂ ಕಳಿಸದೆ, ಮೂಲೆಯಲ್ಲಿ ಕೂರಿಸಿ ಸ್ಕ್ರೂ ಆರಿಸಲು ಹಚ್ಚಿದ್ದ.

"ನಿನ್ನ ಸೊಂಟ ಉಳುಕಿದಾಗ ಬೆಲ್ಟು ಬಿಗಿದು ಬೀದಿಗೆಲ್ಲ ತೋರಿಸ್ಕೊಂಡು ಓಡಾಡ್ದೆ. ನನ್ನ ನರಕ್ಕೆ ಮಾತ್ರ ಪರದೆ ಬೇಕೇನೋ?"

ಅಷ್ಟರಲ್ಲಿ ಹೆಂಗಸೊಬ್ಬಳು ಬಂದು, ಮನೆಯ ಫ್ಯಾನು ನಿಂತಿದೆ, ಯಾರನ್ನಾದರೂ ಕಳಿಸಿ ಎಂದಳು. ಕುಣಿಯುವ ಬೆರಳು ಕಣ್ಣಿಗೆ ಬಿತ್ತು. "ಇದೇನಣ್ಣ ಕಾಲಿಗೆ?"

"ಮಂಡಿನೋವು," ಎಂದ ಬಾಮೈದ.

"ಮಂಡಿ ಕಲ್ಲಿನ ಹಾಗಿದೆಯಮ್ಮ!" ವೈರ್‌ಮನ್ ಬೀದಿಗೇ ಕೇಳುವಂತೆ ಹೇಳಿದ. "ಕಕ್ಕಸು ತಡ್ಕೊಳ್ಳೋಕಾಗಲ್ಲ ನಂಗೆ. ಈ ಕರೆಂಟು ಕಾಲಿಂದ ಹತ್ತಿ ಅದನ್ನ ತಡೆಯೋ ನರಕ್ಕೆ ಬುದ್ಧಿ ಹೇಳುತ್ತೆ. ವಾರಕ್ಕೆ ನಾಲ್ಕು ಸಲ ಆಗ್ತಿದ್ದದ್ದು ಈಗ ಒಂದೇ ಸಲ. ಆ ಒಂದು ಸಲ ನಿಮ್ಮನೇಲೇ ಆದ್ರೆ ನಾನೇ ತೊಳೀತೀನಿ. ಇನ್ನು ಹತ್ತು ನಿಮಿಷ ಇದೆ. ಬೇರೆಯವರು ಬೇಕಾ, ನಾನೇ ಬರ್ಲಾ?"

ಬಾಮೈದ ತಲೆಯ ಮೇಲೆ ಕೈ ಹೊತ್ತ. ಹೆಂಗಸು ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು.

"ಹತ್ತು ನಿಮಿಷ ತಾನೇ? ನೀವೇ ಬನ್ನಿ."