ಮೌನಕ್ಕೆ ಇಪ್ಪತ್ತು ಸೆಕೆಂಡು

“ಅಲ್ಲಿ ಮಸ್ಕತ್ತಲ್ಲಿ ಮಗಳು, ಇಲ್ಲಿ ನಾನು, ಫೋನ್ ಇಟ್ಕೊಂಡು ಒಟ್ಟಿಗೇ ಲಿಂಗಪೂಜೆಗೆ ಕೂರ್ತೀವಿ. ನಿಮ್ಮ ಆ್ಯಪ್ ನಡುವೆ ಕಟ್ ಮಾಡ್ತದಲ್ಲ, ಯಾಕೆ?” ಏಕಾಂತಯ್ಯ ಮೊಬೈಲನ್ನು ಮೇಜಿಗೆ ಕುಕ್ಕಿದರು.

ಅರಸೀಕೆರೆಯ ಆ ಪುಟ್ಟ ಸ್ಟಾರ್ಟಪ್ಪಿನ ಮಾಲೀಕ ಚನ್ನೇಶ್ ನಕ್ಕ. “ಇಪ್ಪತ್ತು ಸೆಕೆಂಡು ಇಬ್ರೂ ಸುಮ್ನಿದ್ರೆ ಕಟ್ಟಾಗುತ್ತೆ ಯಜಮಾನ್ರೇ. ಇಲ್ದಿದ್ರೆ ಫಾರಿನ್ ಕಾಲ್ ಇಷ್ಟು ಅಗ್ಗಕ್ಕೆ ಹೆಂಗೆ ಕೊಡೋದು? ಆಗಾಗ ಕೆಮ್ಮಿ.”

“ಪೂಜೇಲಿ ಕೆಮ್ಮಬೇಕಾ? ಗಂಡ ಹೋದ್ಮೇಲೆ ಅವಳು ಮಾತೇ ಬಿಟ್ಟವ್ಳೆ ಕಣಯ್ಯ. ನಾನು ಈ ಕಡೆ ಇದ್ರೇನೇ ಕಣ್ಮುಚ್ಚಿ ಕೂರೋದು.”

ಚನ್ನೇಶ್ ಹೇಳಿದನೆಂದು ಆ್ಯಪ್‌ನಲ್ಲಿ ಆ ನಿಯಮವನ್ನು ಬರೆದವಳು ಪಕ್ಕದ ಮೇಜಿನಲ್ಲಿದ್ದ ಪ್ರೋಗ್ರಾಮರ್ ಶಿಲ್ಪಾ. ಅವಳ ಕಿವಿ ಬಿಸಿಯಾಯಿತು. ಕಂಪ್ಯೂಟರಿನತ್ತ ತಿರುಗಿ ಆ ನಿಯಮದ ಸಾಲನ್ನು ಸರ್ವರಿನಿಂದಲೇ ಅಳಿಸಿದಳು.

“ಏಯ್, ಯಾರನ್ನ ಕೇಳಿ ತೆಗ್ದೆ?” ಚನ್ನೇಶ್ ಗದರಿದ.

ಶಿಲ್ಪಾ ಅವನತ್ತ ನೋಡಲಿಲ್ಲ. “ಈಗ ಮಗಳಿಗೆ ಫೋನ್ ಮಾಡಿ ತಾತ. ಯಾರು ಕಟ್ ಮಾಡ್ತಾರೋ ನಾನೂ ನೋಡ್ತೀನಿ.”